ಬ್ರಾಡ್‌ಬ್ಯಾಂಡ್ ಮತ್ತು ಹವಾಮಾನ: ಐವತ್ತು ವರ್ಷಗಳ ಹಾದಿ

ಸಂಪರ್ಕ ಜಾಲದಿಂದ ಇಂಧನ ಉಳಿಸಬಹುದೆಂಬ ಯೋಚನೆ ಮನೆಮನೆಗೆ ಇಂಟರ್‌ನೆಟ್ ಬರುವುದಕ್ಕಿಂತ ಹಳೆಯದು. 1973ರಲ್ಲಿ, ತೈಲ ಬಿಕ್ಕಟ್ಟು ತಲೆದೋರಿದ ವರ್ಷ, ಅಮೆರಿಕದ ಜ್ಯಾಕ್ ನಿಲ್ಸ್ ನೌಕರರನ್ನು ಕಚೇರಿಗೆ ಕರೆಸುವ ಬದಲು ಕೆಲಸವನ್ನೇ ಅವರಿದ್ದಲ್ಲಿಗೆ ಕಳಿಸುವ ದಾರಿ ಹುಡುಕತೊಡಗಿದರು. ಪೆಟ್ರೋಲ್ ಉಳಿಸುವುದು, ರಸ್ತೆಯ ದಟ್ಟಣೆ ತಗ್ಗಿಸುವುದು ಆಗಿನ ಚಿಂತೆ; ಇಂಗಾಲದ ಲೆಕ್ಕ ಇನ್ನೂ ಮುನ್ನೆಲೆಗೆ ಬಂದಿರಲಿಲ್ಲ.

ಆ ಲೆಕ್ಕವನ್ನು ದೊಡ್ಡ ಪ್ರಮಾಣದಲ್ಲಿ ಹಾಕಿದ್ದು 2008ರ ‘ಸ್ಮಾರ್ಟ್ 2020’ ವರದಿ. ಜಗತ್ತಿನ ಇಂಗಾಲ ಹೊರಸೂಸುವಿಕೆಯಲ್ಲಿ ಮಾಹಿತಿ ತಂತ್ರಜ್ಞಾನದ ಪಾಲು ಸುಮಾರು ಶೇ. 2; ಆದರೆ ವಿದ್ಯುತ್, ಸಾರಿಗೆ, ಕಟ್ಟಡ, ಕೈಗಾರಿಕೆಗಳಲ್ಲಿ ಅದನ್ನು ಸರಿಯಾಗಿ ಬಳಸಿದರೆ 2020ರ ಹೊತ್ತಿಗೆ ಶೇ. 15ರಷ್ಟು ತಗ್ಗಿಸಬಹುದು ಎಂದು ಅದು ಅಂದಾಜಿಸಿತು. 2010ರಲ್ಲಿ ವಿಶ್ವಸಂಸ್ಥೆಯ ಆಶ್ರಯದಲ್ಲಿ ರಚನೆಯಾದ ಬ್ರಾಡ್‌ಬ್ಯಾಂಡ್ ಆಯೋಗ, ಎರಡು ವರ್ಷಗಳ ನಂತರ ಇದೇ ವಿಚಾರಕ್ಕೆ ಪ್ರತ್ಯೇಕ ವರದಿಯನ್ನೇ ಮೀಸಲಿಟ್ಟಿತು.

ಪ್ರಯಾಣದ ಬದಲು ಜಾಲ ಎಂಬ ಯೋಚನೆಗೆ ಪರೀಕ್ಷೆ ಬಂದದ್ದು ಕೋವಿಡ್ ರೂಪದಲ್ಲಿ. 2020ರ ಏಪ್ರಿಲ್ ಆರಂಭದಲ್ಲಿ ಜಗತ್ತಿನ ದಿನದ ಇಂಗಾಲದ ಡೈಆಕ್ಸೈಡ್ ಹೊರಸೂಸುವಿಕೆ ಹಿಂದಿನ ವರ್ಷದ ಸರಾಸರಿಗಿಂತ ಸುಮಾರು ಶೇ. 17 ಇಳಿಯಿತು, ಇಳಿಕೆಯ ಹೆಚ್ಚುಕಡಿಮೆ ಅರ್ಧ ರಸ್ತೆ ಸಾರಿಗೆಯದು. ಲಾಕ್‌ಡೌನ್ ತೆರವಾದಂತೆ ಹೊಗೆಯೂ ಮರಳಿತು. ಜಾಲವಿದ್ದ ಮಾತ್ರಕ್ಕೆ ಪ್ರಯಾಣ ನಿಲ್ಲುವುದಿಲ್ಲ ಎಂಬುದು ಸ್ಪಷ್ಟವಾಯಿತು.

ಹೆಚ್ಚು ನೆಚ್ಚಬಹುದಾದ ಪ್ರಯೋಜನ ಬೇರೆಡೆ ಇದೆ. ಪಾವಗಡದ 2,050 ಮೆಗಾವಾಟ್ ಸೌರ ಪಾರ್ಕಿನ ಮೇಲೆ ಮೋಡ ಕವಿದರೆ ಉತ್ಪಾದನೆ ಥಟ್ಟನೆ ಕುಸಿಯುತ್ತದೆ. ಅದನ್ನು ಮುಂಚೆಯೇ ಅಂದಾಜಿಸಿ, ಬೇರೆ ಮೂಲದಿಂದ ಕೊರತೆ ತುಂಬಿಸಲು ಕ್ಷಣಕ್ಷಣದ ಮಾಹಿತಿ ಬೇಕು. ಸೂರ್ಯ, ಗಾಳಿಯನ್ನು ನಂಬಿದ ವಿದ್ಯುತ್ ವ್ಯವಸ್ಥೆಗೆ ಸಂಪರ್ಕವೂ ತಂತಿಯಷ್ಟೇ ಅಗತ್ಯ.

ಬದಲಾಗುತ್ತಿರುವ ಹವಾಮಾನಕ್ಕೆ ಹೊಂದಿಕೊಳ್ಳುವುದರಲ್ಲೂ ಜಾಲ ನೆರವಾಗುತ್ತದೆ; ಇದರಲ್ಲಿ ಕರ್ನಾಟಕದ ಅನುಭವ ಗಮನಾರ್ಹ. 1988ರಲ್ಲಿ ಬರ ನಿಗಾ ಘಟಕವಾಗಿ ಶುರುವಾದ ಇಂದಿನ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ, ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಆರು ಸಾವಿರಕ್ಕೂ ಹೆಚ್ಚು ಸ್ವಯಂಚಾಲಿತ ಮಳೆಮಾಪಕಗಳನ್ನು ಅಳವಡಿಸಿದೆ. ಅವು ಮೊಬೈಲ್ ಜಾಲದ ಮೂಲಕ ಮಾಹಿತಿ ಕಳಿಸುತ್ತವೆ. ‘ವರುಣಮಿತ್ರ’ ಸಹಾಯವಾಣಿಗೆ ಕರೆ ಮಾಡಿ ರೈತರು ಮುನ್ಸೂಚನೆ ಕೇಳಬಹುದು. ಇದಕ್ಕೆ ಬೇಕಾದ ವೇಗ ಅಲ್ಪ. ಬೇಕಾದದ್ದು ಕಡಿಯದ ಸಂಪರ್ಕ. ಆದರೆ ಮಲೆನಾಡಿನಲ್ಲಿ ಜೋರುಮಳೆ ಹಿಡಿದು ಕರೆಂಟು ಹೋದರೆ ನೆಟ್‌ವರ್ಕೂ ಹೋಗುತ್ತದೆ, ಎಚ್ಚರಿಕೆ ಅತ್ಯಗತ್ಯವಾದ ಹೊತ್ತಿನಲ್ಲೇ.

ಜಾಲದ ಸ್ವಂತ ಹಸಿವನ್ನೂ ಮರೆಯುವಂತಿಲ್ಲ. 2010ರಿಂದ 2018ರವರೆಗೆ ಡೇಟಾ ಕೇಂದ್ರಗಳ ಕೆಲಸ ಆರು ಪಟ್ಟು ಮೀರಿ ಬೆಳೆದರೂ, ದಕ್ಷತೆಯಿಂದಾಗಿ ವಿದ್ಯುತ್ ಬಳಕೆ ಹೆಚ್ಚಿದ್ದು ಸುಮಾರು ಶೇ. 6 ಮಾತ್ರ ಎಂದು ಒಂದು ಅಧ್ಯಯನ ಲೆಕ್ಕ ಹಾಕಿತ್ತು. ಕೃತಕ ಬುದ್ಧಿಮತ್ತೆ ಆ ಸಮಾಧಾನವನ್ನು ಕದಡಿದೆ. 2024ರಲ್ಲಿ ಈ ಕೇಂದ್ರಗಳು ಬಳಸಿದ್ದು ಸುಮಾರು 41,500 ಕೋಟಿ ಯೂನಿಟ್, ಅಂದರೆ ಜಗತ್ತಿನ ವಿದ್ಯುತ್ತಿನ ಶೇ. 1.5, 2030ರೊಳಗೆ ಅದು ಇಮ್ಮಡಿಯಾಗಬಹುದೆಂದು ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಅಂದಾಜು.

ಆದ್ದರಿಂದ ಬ್ರಾಡ್‌ಬ್ಯಾಂಡನ್ನು ಇನ್ನು ವೇಗದಿಂದಷ್ಟೇ ಅಳೆಯಬಾರದು. ಸುಮಾರು ಎರಡೂವರೆ ಲಕ್ಷ ಪಂಚಾಯಿತಿಗಳನ್ನು ಗುರಿಯಾಗಿಸಿಕೊಂಡು ಹೊರಟ ಭಾರತ್‌ನೆಟ್‌ನಂಥ ಯೋಜನೆಗೆ ಕೇಳಬೇಕಾದ ಪ್ರಶ್ನೆ ಬೇರೆ: ಬಿರುಗಾಳಿಯ ರಾತ್ರಿ ಜಾಲ ಉಳಿಯುತ್ತದೆಯೇ, ಮಳೆಯ ಸುದ್ದಿ ಹೊಲದವರೆಗೆ ತಲುಪುತ್ತದೆಯೇ? ಮೊಬೈಲ್ ಗೋಪುರಗಳಿಗೆ ಸೌರಫಲಕ, ಬ್ಯಾಟರಿ ಒದಗಿಸುವ ಖರ್ಚು ಹವಾಮಾನಕ್ಕೆಂದೇ ಮಾಡುವ ಹೂಡಿಕೆ. ಸರ್ಕಾರಗಳು ಅದನ್ನು ಹಾಗೆಯೇ ಪರಿಗಣಿಸಬೇಕು.