ತಲೆಗೆ ಬಂದದ್ದು ರುಮಾಲಿಗೆ

'ತಲೆಗೆ ಬಂದದ್ದು ರುಮಾಲಿಗೆ ಹೋಯಿತು' ಎಂಬ ಗಾದೆಯನ್ನು ನಾನು ತರಗತಿಯಲ್ಲಿ ಎಷ್ಟೋ ಸಲ ವಿವರಿಸಿದ್ದೇನೆ. ಅದರ ಅರ್ಥ ನನಗೆ ತಿಳಿದದ್ದು ಮಾತ್ರ ನಮ್ಮ ಮನೆಯ ಮೇಲೆ ಮಹಡಿ ಕಟ್ಟಿಸಲು ಹೊರಟಾಗ. ಒಂದು ಬೆಳಿಗ್ಗೆ ಸಾರುವೆಯ ಮೇಲಿನಿಂದ ಇಟ್ಟಿಗೆಯೊಂದು ಜಾರಿ, ಬಾಂಡ್ಲಿ ಹೊತ್ತು ಬರುತ್ತಿದ್ದ ಹೆಂಗಸಿನಿಂದ ಒಂದು ಗೇಣು ಆಚೆಗೆ ಬಿತ್ತು. ಆಕೆಯ ತಲೆಯ ಮೇಲೆ ಇದ್ದದ್ದು ಹಳೆಯ ಸೀರೆಯ ಸಿಂಬೆ. ಸಿಂಬೆ ಹೊರೆಯನ್ನು ನಿಲ್ಲಿಸುತ್ತದೆ. ಬೀಳುವ ಇಟ್ಟಿಗೆಯನ್ನು ತಡೆಯದು.

ಮೇಸ್ತ್ರಿಯನ್ನು ಕರೆದು, "ಇವರಿಗೆಲ್ಲ ಗಟ್ಟಿ ಟೋಪಿ ಬೇಡವೆ?" ಎಂದೆ. ಆತ ವಿನಯದಿಂದಲೇ ಕೇಳಿದ: "ಬೇಕು ಸ್ವಾಮಿ. ಖರ್ಚು ಯಾರ ಲೆಕ್ಕಕ್ಕೆ ಬರೆಯಲಿ?"

ಆ ಪ್ರಶ್ನೆ ಬಹಳ ಹಳೆಯದು. ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದ ಗಣಿಗಾರರು ತುಪ್ಪುಳಗಂಬಳಿಯ ಟೋಪಿಗೆ ರಾಳ ಬಳಿದು ಗಟ್ಟಿಮಾಡಿ, ಅದರ ಮುಂದೆ ಜೇಡಿಮಣ್ಣಿನ ಮುದ್ದೆಯಲ್ಲಿ ಮೇಣದ ಬತ್ತಿ ನೆಟ್ಟುಕೊಂಡು ಕತ್ತಲೆಗೆ ಇಳಿಯುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ನಮ್ಮ ಕೋಲಾರದ ಚಿನ್ನದ ಗಣಿಗೂ ಆ ಕಾರ್ನಿಷ್ ಜನ ಬಂದರು. ಬೇಡಿಕೆ ಹಳೆಯದಾದರೂ, ತಲೆಗಾಗಿಯೇ ಲೆಕ್ಕಹಾಕಿ ಮಾಡಿದ ಟೋಪಿ ಹುಟ್ಟಿದ್ದು ಯುದ್ಧದ ದೆಸೆಯಿಂದ. ಮೊದಲನೆಯ ಮಹಾಯುದ್ಧದ ಕಂದಕಗಳಲ್ಲಿ ಸಿಡಿಗುಂಡಿನ ಚೂರುಗಳು ಮೇಲಿನಿಂದ ಸುರಿಯತೊಡಗಿದಾಗ, 1915ರಲ್ಲಿ ಫ್ರೆಂಚರೂ ಬ್ರಿಟಿಷರೂ ತಮ್ಮ ಸಿಪಾಯಿಗಳಿಗೆ ಉಕ್ಕಿನ ಶಿರಸ್ತ್ರಾಣ ಹೊಂದಿಸಿದರು. ಯುದ್ಧ ಮುಗಿಸಿ ಊರಿಗೆ ಮರಳಿದ ಬುಲ್ಲಾರ್ಡ್ ಎಂಬ ಅಮೆರಿಕನ್ ತರುಣ, ಗಣಿಗಾರರಿಗೆ ಸಾಮಾನು ಮಾರುತ್ತಿದ್ದ ತನ್ನ ತಂದೆಯ ಸ್ಯಾನ್‌ಫ್ರಾನ್ಸಿಸ್ಕೊ ಅಂಗಡಿಯಲ್ಲಿ, 1919ರಲ್ಲಿ ಕ್ಯಾನ್ವಾಸ್ ಬಟ್ಟೆಯನ್ನು ಹಬೆಯಲ್ಲಿ ಬೇಯಿಸಿ, ಅಂಟು ಹಚ್ಚಿ, ಕಪ್ಪು ಬಣ್ಣ ಬಳಿದು ಒಂದು ಟೋಪಿ ಮಾಡಿದ. ಕೊಲ್ಲಲು ಹೊರಟವರ ನಡುವೆ ಕಲಿತ ವಿದ್ಯೆ ಕೂಲಿಯವನ ತಲೆ ಕಾಯುವುದಕ್ಕೆ ಬಂತು.

ಮುಂದೆ 1933ರ ಜನವರಿಯಲ್ಲಿ ಅದೇ ಊರಿನಲ್ಲಿ ಗೋಲ್ಡನ್ ಗೇಟ್ ಸೇತುವೆಯ ಕೆಲಸ ಮೊದಲಾಯಿತು. ಒಂದು ಕೋಟಿ ಡಾಲರಿನ ಕೆಲಸಕ್ಕೆ ಹತ್ತು ಜೀವ ಹೋಗುವುದು ಸಹಜವೆಂದು ಅಂದಿನ ಕಂತ್ರಾಟುದಾರರು ನಂಬಿದ್ದ ಕಾಲ ಅದು. ಮುಖ್ಯ ಎಂಜಿನಿಯರ್ ಜೋಸೆಫ್ ಸ್ಟ್ರಾಸ್ ಆ ಲೆಕ್ಕವನ್ನು ಒಪ್ಪಲಿಲ್ಲ. ಟೋಪಿ ಧರಿಸದವನಿಗೆ ಕೆಲಸವಿಲ್ಲ ಎಂದ. ನೀರಿನ ಝಳ ತಡೆಯಲು ಕನ್ನಡಕ ಕೊಡಿಸಿದ. ಅಷ್ಟಕ್ಕೇ ನಿಲ್ಲದೆ, ಸುಮಾರು 1,30,000 ಡಾಲರು ವೆಚ್ಚಮಾಡಿ ಸೇತುವೆಯ ಕೆಳಗೆ ಉದ್ದಕ್ಕೂ ಬಲೆ ಕಟ್ಟಿಸಿದ. ಬಿದ್ದವರಲ್ಲಿ ಹತ್ತೊಂಬತ್ತು ಜನರನ್ನು ಆ ಬಲೆ ಹಿಡಿಯಿತು. ಬದುಕಿದವರು ತಮ್ಮನ್ನು 'ನರಕದ ಅರ್ಧದಾರಿಯ ಸಂಘ'ದವರೆಂದು ಕರೆದುಕೊಂಡು ನಕ್ಕರಂತೆ. ಆದರೆ 1937ರ ಫೆಬ್ರವರಿ 17ರಂದು ಭಾರವಾದ ಅಟ್ಟಣೆಯೊಂದು ಕಳಚಿ, ಬಲೆಯನ್ನೇ ಹರಿದುಕೊಂಡು ನೀರಿಗೆ ಬಿತ್ತು. ಹತ್ತು ಜನ ಸತ್ತರು. ಅದಕ್ಕೆ ಮುಂಚೆ ಅಲ್ಲಿ ಸತ್ತವನು ಒಬ್ಬನೇ. ಬಲೆಯಿದ್ದರೂ ಅಟ್ಟಣೆಯ ಕೊಂಡಿ ಗಟ್ಟಿಯಾಗಿರಬೇಕೆಂಬ ಪಾಠಕ್ಕೆ ಅಷ್ಟು ಬೆಲೆ ತೆರಬೇಕಾಯಿತು.

ನಮ್ಮ ದೇಶದಲ್ಲಿ 1948ರ ಕಾರ್ಖಾನೆ ಕಾಯಿದೆ ಕೆಲಸಗಾರನ ಕಣ್ಣಿನ ರಕ್ಷಣೆಯ ಮಾತೆತ್ತಿತು. ಕಟ್ಟಡದ ಕೂಲಿಗಳಿಗೆಂದೇ ಕಾಯಿದೆ ಬಂದದ್ದು 1996ರಲ್ಲಿ. ವಸ್ತುಗಳು ಬೀಳುವ ಕಡೆ ಕೆಲಸ ಮಾಡುವವರಿಗೆ ಮಾಲೀಕನೇ ಶಿರಸ್ತ್ರಾಣ ಒದಗಿಸಬೇಕೆಂದು 1998ರ ನಿಯಮಗಳು ಹೇಳಿದವು. ಹಾಗಾಗಿ ಮೇಸ್ತ್ರಿಯ ಪ್ರಶ್ನೆಗೆ ಉತ್ತರ ಆಗಲೇ ಬರೆದಿಟ್ಟದ್ದು. ಓದಬೇಕಾದವರು ಓದಿರಲಿಲ್ಲ, ಅಷ್ಟೆ. ಓದುವುದೇ ಕಸುಬಾದ ನಾನೂ ಓದಿರಲಿಲ್ಲ.

ಅಂಗಡಿಗೆ ಹೋಗಿ ಆರು ಟೋಪಿ ತಂದೆ. ಅಂಗಡಿಯವನು ತಾಳ್ಮೆಯಿಂದ ಕಲಿಸಿದ: ಹೊರಗಿನ ಚಿಪ್ಪಿನಷ್ಟೇ ಒಳಗಿನ ಪಟ್ಟಿಗಳೂ ಮುಖ್ಯ. ಚಿಪ್ಪಿಗೂ ನೆತ್ತಿಗೂ ನಡುವೆ ಅವು ಉಳಿಸುವ ತೆರಪಿನಲ್ಲಿಯೇ ಪೆಟ್ಟಿನ ರಭಸ ಹಂಚಿಹೋಗುತ್ತದೆ. ಆ ತೆರಪಿಗೆ ಬೀಡಿಕಟ್ಟು ತುರುಕಬಾರದು. ದೊಡ್ಡ ಪೆಟ್ಟು ತಿಂದ ಟೋಪಿ ನೋಡಲು ಚೆನ್ನಾಗಿದ್ದರೂ ಎಸೆಯಬೇಕು. ಐ.ಎಸ್. 2925 ಎಂಬ ಗುರುತು ನೋಡಿ ಕೊಳ್ಳಬೇಕು.

ಹೆಮ್ಮೆಯಿಂದ ತಂದು ಹಂಚಿದೆ. ಗಾರೆಯವರು ಹಾಕಿಕೊಂಡರು. ಆ ಹೆಂಗಸು ಟೋಪಿಯನ್ನು ತುರುಬಿನ ಮೇಲೆ ಒಮ್ಮೆ ಇಟ್ಟು ನೋಡಿ, ತೆಗೆದು, "ಇದರ ಮ್ಯಾಲೆ ಸಿಂಬೆ ನಿಲ್ಲಾಕಿಲ್ಲ ಸ್ವಾಮಿ. ಬಾಂಡ್ಲಿ ಎಲ್ಲಿ ಹೊರಲಿ?" ಎಂದಳು.

ನನ್ನಲ್ಲಿ ಉತ್ತರವಿರಲಿಲ್ಲ. ಗಣಿಗಾರನಿಗಾಗಿ, ಉಕ್ಕು ಜೋಡಿಸುವವನಿಗಾಗಿ ಮಾಡಿದ ಟೋಪಿ ಅದು. ತಲೆಯ ಮೇಲೆ ಹೊರೆ ಹೊರುವವಳನ್ನು ಅದನ್ನು ಮಾಡಿದವರು ನೆನೆದಿರಲಿಲ್ಲ. ಆಗ ನೆನಪಾದದ್ದು ಸ್ಟ್ರಾಸ್‌ನ ಬಲೆ. ಟೋಪಿ ಕೊಡಿಸಿ ಆತ ಕೈತೊಳೆದುಕೊಳ್ಳಲಿಲ್ಲವಲ್ಲ! ಮೇಸ್ತ್ರಿಯೊಡನೆ ಕುಳಿತು ಯೋಚಿಸಿದೆ. ಸಾರುವೆಯ ಅಂಚಿಗೆ ಅಡ್ಡಹಲಗೆ ಕಟ್ಟಿಸಿದೆವು, ಕೆಳಗೆ ಬಲೆ ಹಾಸಿದೆವು, ಗಾರೆ ಮತ್ತು ಇಟ್ಟಿಗೆ ಏರಿಸಲು ಒಂದು ರಾಟೆ ತಂದೆವು. ಹೊರೆ ತಲೆಯಿಂದ ಇಳಿದ ಮೇಲೆ ಟೋಪಿಗೆ ಜಾಗ ದೊರೆಯಿತು. ರಾಟೆ ಬಂದರೆ ಕೂಲಿ ತಪ್ಪೀತೆಂದು ಆಕೆ ಹೆದರಿದ್ದಳು. ಹಗ್ಗ ಹಿಡಿಯುವ ಕೆಲಸ ಆಕೆಗೇ ಎಂದು ಮೇಸ್ತ್ರಿಯಿಂದ ಮಾತು ತೆಗೆದುಕೊಂಡೆ.

ಮಹಡಿ ಮುಗಿಯಿತು. ಮೇಸ್ತ್ರಿಯ ಚೀಟಿಯಲ್ಲಿ ಟೋಪಿ, ಬಲೆ, ಹಲಗೆ, ರಾಟೆ ಎಲ್ಲವೂ ನನ್ನ ಲೆಕ್ಕಕ್ಕೇ ಬಂದವು. ಕಿಟಕಿಗಳ ಕೆತ್ತನೆಗೆ ಆದ ಖರ್ಚಿಗಿಂತ ಕಡಮೆಯೇ ಇತ್ತು.