ಹಾಡು ನುಡಿದ ಸಾಕ್ಷ್ಯ
ಗರಿ, ಕೊಕ್ಕುಗಳನ್ನು ಅಳೆದು ಹಕ್ಕಿಯ ಪ್ರಭೇದವನ್ನು ನಿರ್ಣಯಿಸುತ್ತಿದ್ದ ಹದಿನೆಂಟನೆಯ ಶತಮಾನದಲ್ಲಿ ಹಾಡನ್ನೂ ಸಾಕ್ಷ್ಯವೆಂದು ಸ್ವೀಕರಿಸಿದವರಲ್ಲಿ, ಇಂಗ್ಲೆಂಡಿನ ಸೆಲ್‌ಬೋರ್ನ್ ಗ್ರಾಮದ ಪಾದ್ರಿ ಗಿಲ್ಬರ್ಟ್ ವೈಟ್‌ನನ್ನು ನಾನು ಮೊದಲು ನೆನೆಯುತ್ತೇನೆ.

ಅಲ್ಲಿನ ಹಸುರು ಛಾಯೆಯ ಪುಟ್ಟ ಉಲಿಯಕ್ಕಿಗಳು ಕಣ್ಣಿಗೆ ಒಂದೇ ತೆರನಾಗಿ ತೋರುತ್ತಿದ್ದವು. ಆದರೆ ಒಂದು ‘ಚಿಫ್ ಚಾಫ್’ ಎಂದು ಎರಡೇ ಸ್ವರಗಳನ್ನು ಮರಳಿ ಮರಳಿ ನುಡಿಯುತ್ತಿತ್ತು; ಇನ್ನೊಂದರ ಇಂಪಾದ ಹಾಡು ಮೆಲ್ಲನೆ ಇಳಿದುಹೋಗುತ್ತಿತ್ತು; ಮೂರನೆಯದು ಎತ್ತರದ ಬೀಚ್ ಮರಗಳ ತುದಿಯಲ್ಲಿ ರೆಕ್ಕೆ ನಡುಗಿಸುತ್ತ ಮಿಡತೆಯಂತೆ ಉಲಿಯುತ್ತಿತ್ತು.

ಇವು ಮೂರು ಪ್ರಭೇದಗಳೆಂದು ಅವನು 1768ರ ಆಗಸ್ಟಿನಲ್ಲಿ ಥಾಮಸ್ ಪೆನೆಂಟನಿಗೆ ಬರೆದ. ಕಿವಿಯೊಂದನ್ನೇ ನೆಚ್ಚದೆ ಹಕ್ಕಿಗಳನ್ನು ಎದುರಿಟ್ಟು ಹೋಲಿಸಿದಾಗ, ಗಾತ್ರದ ಅಂತರವೂ ಕಾಲಿನ ಬಣ್ಣವೂ ಅದನ್ನೇ ಹೇಳಿದವು. ಆ ವಿಂಗಡಣೆ ಇಂದಿಗೂ ನಿಂತಿದೆ. ಹಕ್ಕಿಗಳು ತಮ್ಮವರನ್ನು ಗುರುತಿಸುವುದು ಬಹುಮಟ್ಟಿಗೆ ಹಾಡಿನಿಂದ. ಅವುಗಳ ಕುಲವನ್ನು ನಿರ್ಣಯಿಸುವವರು ಆ ಹಾಡಿಗೆ ಕಿವಿಗೊಡುವುದು ನ್ಯಾಯವೆಂದೇ ನನ್ನ ಭಾವನೆ.