ಕ್ಯಾಸನೂರಿನ ಕಾಡು ಮತ್ತು ಪುಣೆಯ ಪ್ರಯೋಗಾಲಯ

ಪುಣೆಯಲ್ಲಿ ನೆಲೆಸಿರುವ ಕನ್ನಡಿಗರಾದ ನಾವು ಈ ನಗರಕ್ಕೂ ನಮ್ಮ ನಾಡಿಗೂ ಇರುವ ನಂಟನ್ನು ನೆನೆಯುವಾಗ ಸಾಮಾನ್ಯವಾಗಿ ಸಂಗೀತವನ್ನೋ ನಾಟಕವನ್ನೋ ವ್ಯಾಪಾರವನ್ನೋ ಎತ್ತಿಕೊಳ್ಳುತ್ತೇವೆ. ಇವಲ್ಲದೆ ಇನ್ನೊಂದು ನಂಟೂ ಉಂಟು. ಅದು ಒಂದು ರೋಗದಿಂದ ಬಂದುದು. ಇಲ್ಲಿಯ ಡಾ. ಅಂಬೇಡ್ಕರ್ ರಸ್ತೆಯಲ್ಲಿ ರಾಷ್ಟ್ರೀಯ ವೈರಾಣು ಸಂಸ್ಥೆಯಿದೆ. ದಿನವೂ ಬಸ್ಸಿನಲ್ಲಿ ಬ್ಯಾಂಕಿಗೆ ಹೋಗುವಾಗ ನಾವು ಅದರ ಮುಂದೆಯೇ ಹಾದುಹೋಗುತ್ತೇವೆ. ಮಲೆನಾಡಿನ ಒಂದು ಸಣ್ಣ ಹಳ್ಳಿಯ ಹೆಸರು ಈ ಸಂಸ್ಥೆಯ ಮೂಲಕ ಲೋಕದ ವೈದ್ಯಗ್ರಂಥಗಳನ್ನು ಸೇರಿತೆಂಬ ಸಂಗತಿ ನಮಗೆ ಬಹುಕಾಲ ತಿಳಿದಿರಲಿಲ್ಲ. ನಾವು ವೈದ್ಯರಲ್ಲ, ಲೆಕ್ಕ ಬರೆಯುವವರು. ಆದರೂ ಸಾಗರದ ಕಡೆಯ ಸೋದರಮಾವನವರ ಮನೆಯಲ್ಲಿ ರಜೆ ಕಳೆದವರಾದುದರಿಂದ ಈ ಇತಿಹಾಸವನ್ನು ಬಾಂಧವರ ಮುಂದಿಡುವ ಧೈರ್ಯ ಮಾಡಿದ್ದೇವೆ.

1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾಯಿತು. ಆ ಸಂತಸದ ಮಾತು ಇನ್ನೂ ಊರೂರುಗಳಲ್ಲಿ ನಡೆಯುತ್ತಿದ್ದಾಗಲೇ, 1957ರ ಆರಂಭದಲ್ಲಿ, ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಕಪ್ಪು ಮುಖದ ಮುಸಿಯಗಳು, ಕೆಂಪು ಮುಖದ ಮಂಗಗಳು ಎರಡೂ ಮರದ ಬುಡಗಳಲ್ಲಿ ಸತ್ತು ಬಿದ್ದಿರುತ್ತಿದ್ದವು. ಸೌದೆಗೆ, ಸೊಪ್ಪಿಗೆ, ದನ ಮೇಯಿಸಲಿಕ್ಕೆ ಕಾಡಿಗೆ ಹೋಗಿಬಂದ ಜನ ಜ್ವರ ಹಿಡಿದು ಮಲಗಿದರು. ಮೊದಲು ಇದನ್ನು ವಿಷಮಶೀತ ಜ್ವರವಿರಬಹುದೆಂದು ಬಗೆದವರುಂಟು. ಆದರೆ ಹಳ್ಳಿಗರು ಮಂಗಗಳ ಸಾವಿಗೂ ತಮ್ಮ ಜ್ವರಕ್ಕೂ ಸಂಬಂಧ ಕಂಡರು. ಅವರು ಇಟ್ಟ ಹೆಸರೇ 'ಮಂಗನ ಕಾಯಿಲೆ'.

ಆಗ ಪುಣೆಯ ಸಂಸ್ಥೆಗೆ ವೈರಸ್ ಸಂಶೋಧನ ಕೇಂದ್ರವೆಂದು ಹೆಸರು. ಭಾರತೀಯ ವೈದ್ಯಕೀಯ ಸಂಶೋಧನ ಮಂಡಲಿ ಮತ್ತು ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನ ಸೇರಿ 1952ರಲ್ಲಿ ಅದನ್ನು ಸ್ಥಾಪಿಸಿದ್ದವು. ಮಂಗಗಳ ಸಾವಿನ ಸುದ್ದಿ ಬಂದೊಡನೆ ಅಲ್ಲಿಯವರಿಗೆ ದೊಡ್ಡ ಶಂಕೆ ಹುಟ್ಟಿತು. ಆಫ್ರಿಕ ಮತ್ತು ದಕ್ಷಿಣ ಅಮೆರಿಕಗಳ ಹಳದಿ ಜ್ವರ ಭಾರತಕ್ಕೆ ಎಂದೂ ಬಂದುದಲ್ಲ. ದಕ್ಷಿಣ ಅಮೆರಿಕದಲ್ಲಿ ಅದು ಕಾಡಿಗೆ ಹೊಕ್ಕಾಗ ಮಂಗಗಳು ಹೀಗೆಯೇ ಸಾಯುತ್ತವೆ. ಅದೇ ಇಲ್ಲಿಗೂ ಬಂದಿತೇ ಎಂಬುದು ಅವರ ಭಯ. ನಿರ್ದೇಶಕ ಡಾ. ಟೆಲ್ಫರ್ಡ್ ವರ್ಕ್, ಡಾ. ಹೆರಾಲ್ಡ್ ಟ್ರಪಿಡೊ ಮತ್ತು ಅವರ ಭಾರತೀಯ ಸಹೋದ್ಯೋಗಿಗಳು ಮಾರ್ಚ್ ತಿಂಗಳಲ್ಲಿ ಈ ಜ್ವರದ ಶೋಧಕ್ಕೆ ತೊಡಗಿದರು. ಸತ್ತ ಮಂಗಗಳಿಂದಲೂ ರೋಗಿಗಳ ರಕ್ತದಿಂದಲೂ ವೈರಸ್ಸನ್ನು ಬೇರ್ಪಡಿಸಿದರು. ಅದು ಹಳದಿ ಜ್ವರದ್ದಲ್ಲ. ರಷ್ಯದ ಕಾಡುಗಳಲ್ಲಿ ಉಣ್ಣಿಗಳಿಂದ ಹರಡುವ ಮಿದುಳು ಜ್ವರದ ವೈರಸ್ಸಿಗೆ ಹತ್ತಿರದ ಬಂಧು, ಆದರೆ ಲೋಕಕ್ಕೆ ಹೊಸದು. ಅದಕ್ಕೆ ಕ್ಯಾಸನೂರು ಕಾಡಿನ ಕಾಯಿಲೆಯೆಂದು ಹೆಸರಾಯಿತು. ಈ ಕೆಲಸದಲ್ಲಿ ಪ್ರಯೋಗಾಲಯದವರಿಗೂ ಸೋಂಕು ತಗುಲಿತು. ಅವರ ಋಣವನ್ನು ನಾವು ಮರೆಯಲಾಗದು.

ರೋಗದ ಹಾದಿಯೂ ಕ್ರಮೇಣ ತಿಳಿಯಿತು. ಕಾಡಿನ ಇಲಿ, ಮೂಗಿಲಿ ಮುಂತಾದ ಸಣ್ಣ ಪ್ರಾಣಿಗಳಲ್ಲಿಯೂ ಉಣ್ಣಿಗಳಲ್ಲಿಯೂ ವೈರಸ್ ಸದ್ದಿಲ್ಲದೆ ಇರುತ್ತದೆ. ಉಣ್ಣಿ ಕಚ್ಚಿ ಮಂಗ ಸತ್ತಾಗ ಅದರ ಮೈಮೇಲಿನ ಸೋಂಕಿದ ಉಣ್ಣಿಗಳು ನೆಲಕ್ಕೆ ಉದುರಿ ಆ ಜಾಗವೆಲ್ಲ ಅಪಾಯದ ಜಾಗವಾಗುತ್ತದೆ. ಕಣ್ಣಿಗೆ ಸುಲಭವಾಗಿ ಕಾಣದ ಮರಿ ಉಣ್ಣಿಗಳೇ ಮನುಷ್ಯನಿಗೆ ಹೆಚ್ಚಾಗಿ ಕಚ್ಚುವಂಥವು. ಅವುಗಳ ಕಾಲ ಸುಮಾರು ಡಿಸೆಂಬರಿನಿಂದ ಮೇ ತನಕ. ಅಡಿಕೆ ತೋಟದವರು ಸೊಪ್ಪಿನ ಬೆಟ್ಟದಲ್ಲಿ ತರಗೆಲೆ ಗುಡಿಸುವ ಕಾಲವೂ ಅದೇ. ದನಗಳು ಬೆಳೆದ ಉಣ್ಣಿಗಳಿಗೆ ರಕ್ತವೂಡಿ ಅವುಗಳ ಸಂತತಿಯನ್ನು ಹೆಚ್ಚಿಸುತ್ತವೆ. ಕಾಡು ಕಡಿದು, ಅದರ ಅಂಚಿನಲ್ಲಿ ಊರು ಬೆಳೆದು, ದನಗಳು ಒಳಹೊಕ್ಕಂತೆ ರೋಗಕ್ಕೆ ಅನುಕೂಲವಾಯಿತೆಂದು ಬಲ್ಲವರು ಹೇಳಿದ್ದಾರೆ. ಒಂದು ಸಮಾಧಾನವೆಂದರೆ, ಇದು ಮನುಷ್ಯನಿಂದ ಮನುಷ್ಯನಿಗೆ ಅಂಟುವ ರೋಗವಲ್ಲ.

ಕಾರಣ ತಿಳಿದುದು ಬೇಗ. ಪರಿಹಾರ ಬಂದುದು ತಡವಾಗಿ. ಮೊದಲ ವರ್ಷಗಳಲ್ಲಿ ರಷ್ಯದ ಜ್ವರಕ್ಕೆಂದು ಮಾಡಿದ ಲಸಿಕೆಯನ್ನೇ ಹಾಕಿ ನೋಡಿದರು, ಫಲ ಸಿಗಲಿಲ್ಲ. ಬಳಿಕ ಪುಣೆಯಲ್ಲಿ ಕೋಳಿಯ ಭ್ರೂಣದ ಜೀವಕೋಶಗಳಲ್ಲಿ ವೈರಸ್ಸನ್ನು ಬೆಳೆಸಿ, ಫಾರ್ಮಲಿನ್‌ನಿಂದ ನಿಷ್ಕ್ರಿಯಗೊಳಿಸಿ, ಬೇರೆ ಲಸಿಕೆ ಸಿದ್ಧಮಾಡಿದರು. 1990ರಿಂದ ಅದು ಮಲೆನಾಡಿನಲ್ಲಿ ವ್ಯಾಪಕವಾಗಿ ಬಳಕೆಗೆ ಬಂತು. ತಿಂಗಳ ಅಂತರದಲ್ಲಿ ಎರಡು ಸೂಜಿ, ಕೆಲವು ತಿಂಗಳಿಗೆ ಮತ್ತೊಂದು, ಆಮೇಲೆ ವರ್ಷಕ್ಕೊಂದು. 2005ರಿಂದ 2010ರ ವರೆಗಿನ ಲೆಕ್ಕವನ್ನು ಪರಿಶೀಲಿಸಿದಾಗ ಎರಡು ಸೂಜಿಗಳಿಂದ ಶೇಕಡಾ 62ರಷ್ಟು, ಮುಂದಿನ ಸೂಜಿಯನ್ನೂ ಪಡೆದವರಿಗೆ ಶೇಕಡಾ 83ರಷ್ಟು ರಕ್ಷಣೆ ಸಿಕ್ಕಿತೆಂದು ಕಂಡುಬಂತು. ಆದರೆ ಚುಚ್ಚಿದಲ್ಲಿ ನೋವು, ಮತ್ತೆ ಮತ್ತೆ ಹಾಕಿಸಿಕೊಳ್ಳಬೇಕಾದ ತೊಡಕು. ಕೂಲಿಯನ್ನು ಬಿಟ್ಟು ಪ್ರತಿಸಲವೂ ಬಂದು ನಿಲ್ಲುವುದು ಬಡವನಿಗೆ ಸುಲಭವೇ? ಕಡೆಗೆ 2022ರಲ್ಲಿ ಆ ಲಸಿಕೆಯನ್ನು ನಿಲ್ಲಿಸಲಾಯಿತು. ವೈದ್ಯಕೀಯ ಸಂಶೋಧನ ಮಂಡಲಿಯು ಹೈದರಾಬಾದಿನ ಲಸಿಕೆ ತಯಾರಕರೊಡನೆ ಹೊಸದೊಂದರ ಕೆಲಸವನ್ನು ಕೈಗೊಂಡಿದೆ.

ಇತ್ತ ರೋಗವು ಕಾಯುತ್ತ ಕುಳಿತಿಲ್ಲ. 1983ರ ಸುಮಾರಿಗೆ ಬೆಳ್ತಂಗಡಿಯ ಕಡೆ ಅದು ದೊಡ್ಡ ಹಾವಳಿ ಎಬ್ಬಿಸಿತು. 2012ರಲ್ಲಿ ಬಂಡೀಪುರದಲ್ಲಿ ಕಾಣಿಸಿಕೊಂಡಿತು; ಆಮೇಲೆ ವಯನಾಡಿಗೆ, ಗೋವೆಗೆ ಹಬ್ಬಿತು. 2016ರಲ್ಲಿ ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆಯಲ್ಲಿಯೇ ಜನರಿಗೆ ಬಂತು. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನ ಸುತ್ತ ಹಲವು ಮನೆಗಳು ಆಪ್ತರನ್ನು ಕಳೆದುಕೊಂಡವು. ಆ ಚಳಿಗಾಲದಲ್ಲಿ ಊರಿನಿಂದ ಬರುತ್ತಿದ್ದ ಫೋನಿಗೆ ನಾವು ಅಂಜುತ್ತಿದ್ದೆವು. ಮಾವನವರು ಯಾರನ್ನೂ ಬೆಟ್ಟದ ಕಡೆ ಬಿಡಲಿಲ್ಲವಂತೆ.

ಈ ಕಥೆಯನ್ನು ಇಲ್ಲಿ ಹೇಳಿದುದಕ್ಕೆ ಇನ್ನೊಂದು ಕಾರಣವೂ ಇದೆ. ನಮ್ಮಲ್ಲಿ ಅನೇಕರು ಡಿಸೆಂಬರಿನ ಮತ್ತು ಬೇಸಗೆಯ ರಜೆಗಳಲ್ಲಿ ಊರಿಗೆ ಹೋಗುವವರು. ಉಣ್ಣಿ ಕಚ್ಚಿದ ಮೂರರಿಂದ ಎಂಟು ದಿನಗಳಲ್ಲಿ ಈ ಜ್ವರ ಥಟ್ಟನೆ ಏರುತ್ತದೆ. ತಲೆನೋವು, ಮೈಕೈ ನೋವು, ವಾಂತಿ, ಕೆಲವರಿಗೆ ಮೂಗು, ಒಸಡುಗಳಲ್ಲಿ ರಕ್ತ. ಅಷ್ಟರಲ್ಲಿ ನಾವು ಮತ್ತೆ ನಗರಕ್ಕೆ ಬಂದಿರುತ್ತೇವೆ. ಇಲ್ಲಿಯ ವೈದ್ಯರು ಡೆಂಗೆ ಎಂದು ಬಗೆದರೆ ತಪ್ಪು ಅವರದಲ್ಲ. ಕಾಡಿಗೆ ಹೋಗಿದ್ದೆವು, ಅಲ್ಲಿ ಮಂಗಗಳು ಸತ್ತಿದ್ದವು ಎಂದು ನಾವೇ ಬಾಯಿಬಿಟ್ಟು ಹೇಳಬೇಕು. ಆಗ ಮೊದಲ ದಿನಗಳಲ್ಲಿಯೇ ರಕ್ತವನ್ನು ಪಿ.ಸಿ.ಆರ್. ಪರೀಕ್ಷೆಗೆ ಕಳುಹಿಸಬಹುದು. ಈ ವೈರಸ್ಸನ್ನೇ ಕೊಲ್ಲುವುದೆಂದು ಸಿದ್ಧವಾದ ಔಷಧ ಇಲ್ಲ. ಆದರೆ ಸಕಾಲದಲ್ಲಿ ಆಸ್ಪತ್ರೆ ಸೇರಿ ನೀರಿನಂಶವನ್ನೂ ರಕ್ತಸ್ರಾವವನ್ನೂ ನೋಡಿಕೊಂಡರೆ ಬಹುಮಂದಿ ಗುಣವಾಗುತ್ತಾರೆ. ನೂರಕ್ಕೆ ಮೂರರಿಂದ ಐದು ಜನ ಉಳಿಯುವುದಿಲ್ಲ ಎಂಬುದನ್ನೂ ಮುಚ್ಚಿಡಲಾಗದು. ಊರಿನ ಬಂಧುಗಳಿಗೆ ಹೇಳತಕ್ಕ ಮಾತೂ ಇಷ್ಟೇ: ಸತ್ತ ಮಂಗವನ್ನು ಮುಟ್ಟದೆ ಆರೋಗ್ಯ ಇಲಾಖೆಗೆ ತಿಳಿಸಿ, ಕಾಡಿಗೆ ಹೋಗಲೇಬೇಕಾದರೆ ಮೈತುಂಬ ಬಟ್ಟೆ ಧರಿಸಿ ಉಣ್ಣಿ ನಿವಾರಕ ಎಣ್ಣೆ ಹಚ್ಚಿ, ಬಂದೊಡನೆ ಬಿಸಿನೀರಿನ ಸ್ನಾನ ಮಾಡಿ.

ರೋಗಗಳಿಗೆ ಊರುಗಳ ಹೆಸರಿಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸೂಚಿಸಿತು. ಕ್ಯಾಸನೂರಿಗೆ ಆ ಸೂಚನೆ ತಡವಾಗಿ ಬಂತು. ಹೆಸರು ಹೋಗಲಿ, ಆ ಊರಿನ ನೋವು ಲೋಕಕ್ಕೆ ಅರಿವನ್ನು ಕೊಟ್ಟಿತು. ಪುಣೆಯಲ್ಲಿ ಉಂಡು ಬೆಳೆದ ನಾವು ಆ ಅರಿವನ್ನು ಹೊತ್ತು ಊರಿನ ಜಗಲಿಗೆ ಮುಟ್ಟಿಸಿದರೆ, ಎರಡೂ ನೆಲಗಳ ಋಣ ತುಸುವಾದರೂ ತೀರೀತು.